ಕಲಬುರಗಿಯಿಂದ ಘಟ್ಟಕ್ಕೆ, ಕಡಲಿಗೆ: ಗದ್ದಲವಿಲ್ಲದ ದಾರಿಯಲ್ಲಿ ಸೈಕಲ್ ಪ್ರವಾಸ ಮಾಡುವುದು ಹೇಗೆ?

ಮಳೆಗಾಲ ಮುಗಿಯುತ್ತಿದ್ದಂತೆ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಸೈಕಲ್ ಗೆಳೆಯರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಉತ್ತರ ಕನ್ನಡಕ್ಕೆ ಸೈಕಲ್ ಒಯ್ದು, ಲಾರಿ-ಬಸ್ಸಿನ ಕಾಟ ಇಲ್ಲದೆ, ಘಟ್ಟ ಇಳಿದು ಸಮುದ್ರದವರೆಗೆ ಹೋಗಬಹುದಾ? ಹೋಗಬಹುದು. ನಾಲ್ಕೈದು ದಿನ ರಜೆ, ಸುಸ್ಥಿತಿಯಲ್ಲಿರುವ ಒಂದು ಗೇರ್ ಸೈಕಲ್, ಎರಡು ತಿಂಗಳ ತಯಾರಿ ಇದ್ದರೆ ಸಾಕು. ದುಬಾರಿ ಸೈಕಲ್ ಬೇಕಿಲ್ಲ.

ಒಂದು ಮಾತು ಮಾತ್ರ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ನಮ್ಮ ಬಯಲಿನ ಕಿಲೋಮೀಟರ್ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಇಲ್ಲಿ ಬೆಳಿಗ್ಗೆ ಹೊರಟು ದೇವಲ ಗಾಣಗಾಪುರಕ್ಕೆ ಹೋಗಿ ದರ್ಶನ ಮಾಡಿ ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದುಬಿಡುತ್ತೀರಿ, ಅಲ್ವಾ? ಹೋಗಿಬರಲು 80 ಕಿ.ಮೀ ಆಸುಪಾಸು ಆಗುತ್ತದೆ. ಮಲೆನಾಡಿನಲ್ಲಿ ಅದೇ 80 ಕಿ.ಮೀ ಅಂದರೆ ಇಡೀ ದಿನ ತುಳಿದರೂ ಮುಗಿಯದೆ, ಕತ್ತಲಲ್ಲಿ ಕಾಡಿನ ನಡುವೆ ನಿಲ್ಲಬೇಕಾಗಬಹುದು. ಅಲ್ಲಿ ಲೆಕ್ಕ ಹಾಕಬೇಕಾದದ್ದು ಏರಿಕೆಯನ್ನು. ದಿನಕ್ಕೆ 40ರಿಂದ 50 ಕಿ.ಮೀ ಇಟ್ಟುಕೊಳ್ಳಿ, ಅದಕ್ಕಿಂತ ಜಾಸ್ತಿ ಬೇಡ. ಉಳಿದದ್ದೆಲ್ಲ ಈ ಒಂದು ತೀರ್ಮಾನದಿಂದ ತಾನಾಗೇ ಸರಿಹೋಗುತ್ತದೆ.

ಹಂತ 1: ಯಾವಾಗ ಹೋಗಬೇಕು

ನವೆಂಬರ್ ಮಧ್ಯದಿಂದ ಫೆಬ್ರುವರಿ ಮಧ್ಯದವರೆಗೆ. ಇದೇ ಸರಿಯಾದ ಕಾಲ.

ಮಳೆಗಾಲದಲ್ಲಿ ಹಸಿರು ಚೆಂದ ಇರುತ್ತದೆ ನಿಜ, ಫೋಟೊ ನೋಡಿ ಆಸೆಯೂ ಆಗುತ್ತದೆ. ಆದರೆ ನಮಗೆ ವರ್ಷಕ್ಕೆ 700-800 ಮಿ.ಮೀ ಮಳೆ ಬಿದ್ದರೆ ಅದೇ ಒಳ್ಳೆಯ ವರ್ಷ, ಘಟ್ಟದಲ್ಲಿ ಅಷ್ಟು ಮಳೆ ಕೆಲವೇ ದಿನಗಳಲ್ಲಿ ಸುರಿದುಬಿಡುತ್ತದೆ. ಗುಡ್ಡ ಕುಸಿಯುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆಯೇ ಗುಡ್ಡ ಬಿದ್ದು ಜನ ಸತ್ತರು, ಲಾರಿ ನದಿಗೆ ಕೊಚ್ಚಿಹೋಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ರಸ್ತೆಗೆ ಸೈಕಲ್ ಒಯ್ಯಲೇಬೇಡಿ. ಅಕ್ಟೋಬರ್‌ನಲ್ಲೂ ಮಧ್ಯಾಹ್ನದ ಮೇಲೆ ಗುಡುಗು-ಸಿಡಿಲಿನ ಮಳೆ ಬರುತ್ತದೆ.

ಮಾರ್ಚ್ ನಂತರ ಕರಾವಳಿಯ ಸೆಕೆ ಶುರು. "ಕಲಬುರಗಿಯ 42 ಡಿಗ್ರಿ ಬಿಸಿಲು ತಿಂದವರು ನಾವು, ಅಲ್ಲಿಯ 34 ಡಿಗ್ರಿ ಏನು ಮಹಾ" ಅಂತ ಭಾಳ ಜನ ಅಂದುಕೊಳ್ಳುತ್ತಾರೆ. ಇದು ತಪ್ಪು ಲೆಕ್ಕ. ನಮ್ಮಲ್ಲಿ ಗಾಳಿ ಒಣಗಿರುತ್ತದೆ, ಬೆವರು ಬಂದ ಹಾಗೇ ಆರಿ ಮೈ ತಂಪಾಗುತ್ತದೆ. ಅಲ್ಲಿ ಗಾಳಿಯಲ್ಲೇ ನೀರಿನ ಪಸೆ. ಬೆವರು ಆರುವುದಿಲ್ಲ, ಸುಮ್ನೆ ಹರಿಯುತ್ತದೆ, ಮೈಯ ಕಾವು ಒಳಗೇ ಉಳಿಯುತ್ತದೆ. ಅದಕ್ಕೇ ಅಲ್ಲಿ ಬೇಗ ಸುಸ್ತಾಗುವುದು.

ದಿನಾಂಕ ಗೊತ್ತು ಮಾಡುವಾಗ ಜಾತ್ರೆಗಳನ್ನೂ ನೋಡಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಆಗ ಊರಲ್ಲಿ ಒಂದು ರೂಮೂ ಸಿಗುವುದಿಲ್ಲ. ಶಿವರಾತ್ರಿಗೆ ಗೋಕರ್ಣವೂ ಹಾಗೇ. ಡಿಸೆಂಬರ್ ಕೊನೆಯ ವಾರ ಕರಾವಳಿ ತುಂಬ ಕಾರುಗಳೇ ಕಾರು, ಆ ವಾರ ಬಿಟ್ಟುಬಿಡಿ.

ಹಂತ 2: ಸೈಕಲ್ಲು ಹೇಗಿರಬೇಕು

ಗೇರ್ ಇರಲೇಬೇಕು. ನಿಮ್ಮ ಸೈಕಲ್ ಘಟ್ಟಕ್ಕೆ ಆಗುತ್ತದೋ ಇಲ್ಲವೋ ತಿಳಿಯಲು ಅಂಗಡಿಗೆ ಹೋಗಬೇಕಿಲ್ಲ. ಪೆಡಲ್ ಹತ್ತಿರದ ಮುಂದಿನ ಚಕ್ರಗಳಲ್ಲಿ ಎಲ್ಲಕ್ಕಿಂತ ಸಣ್ಣದರ ಹಲ್ಲು ಎಣಿಸಿ. ಹಿಂದಿನ ಗಾಲಿಯ ಎಲ್ಲಕ್ಕಿಂತ ದೊಡ್ಡ ಚಕ್ರದ ಹಲ್ಲು ಎಣಿಸಿ. ಎರಡೂ ಸಮ ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಗಾಲಿಯೂ ಒಂದೇ ಸುತ್ತು ತಿರುಗುತ್ತದೆ. ಹಿಂದಿನದು ಇನ್ನೂ ದೊಡ್ಡದಿದ್ದರೆ ಮತ್ತೂ ಹಗುರ. ಮುಂದೆ 28, ಹಿಂದೆ 32 ಅಥವಾ 34 ಹಲ್ಲು ಇದ್ದರೆ ಸಾಮಾನು ಹೊತ್ತೂ ಏರಬಹುದು. ಮುಂದೆ 42, ಹಿಂದೆ 28 ಇರುವ ಸೈಕಲ್ಲಾದರೆ ಮೆಕ್ಯಾನಿಕ್ ಹತ್ತಿರ ಹಿಂದಿನ ಚಕ್ರದ ಸೆಟ್ ಬದಲಾಯಿಸಲು ಬರುತ್ತದಾ ಕೇಳಿ. ಇಲ್ಲದಿದ್ದರೆ ಇಳಿಯುವ ದಾರಿಯನ್ನಷ್ಟೇ ಆರಿಸಿಕೊಳ್ಳಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಟೈರ್ ಒಂದೂವರೆ ಇಂಚಿಗಿಂತ ಸಣ್ಣದು ಬೇಡ. ಸಣ್ಣ ರಸ್ತೆಗಳ ಅಂಚು ಒಡೆದಿರುತ್ತದೆ, ತಿರುವಿನಲ್ಲಿ ಜಲ್ಲಿ ಹರಡಿರುತ್ತದೆ.

ಬ್ರೇಕ್ ಬಗ್ಗೆ ಮಾತ್ರ ರೊಕ್ಕ ನೋಡಬೇಡಿ. ರಬ್ಬರ್ ಬ್ರೇಕ್ ಆದರೆ ಶೂ ತೆಗೆದು ಬೆಳಕಿಗೆ ಹಿಡಿದು ನೋಡಿ. ಅದರಲ್ಲಿ ಕೊರೆದಿರುವ ಗೆರೆಗಳು ಕಾಣುತ್ತಿದ್ದರೆ ಇನ್ನೂ ಜೀವ ಇದೆ, ಸವೆದು ಸಪಾಟಾಗಿದ್ದರೆ ಬದಲಾಯಿಸಿ. ಆ ಗೆರೆಯೊಳಗೆ ಸಣ್ಣ ಕಲ್ಲಿನ ಚೂರು, ಅಲ್ಯೂಮಿನಿಯಂ ಪುಡಿ ಸಿಕ್ಕಿಕೊಂಡಿರುತ್ತದೆ, ಅದನ್ನು ಪಿನ್ನಿನಿಂದ ಕೀಳಿ, ಇಲ್ಲದಿದ್ದರೆ ಒಂದೇ ಘಟ್ಟಕ್ಕೆ ರಿಮ್ ಕೊರೆದುಬಿಡುತ್ತದೆ. ಡಿಸ್ಕ್ ಬ್ರೇಕ್ ಆದರೆ ಪ್ಯಾಡ್ ದಪ್ಪ ನೋಡಿ, ಒಂದು ಜೊತೆ ಹೊಸದು ಚೀಲದಲ್ಲಿ ಇಟ್ಟುಕೊಳ್ಳಿ. ಅಲ್ಲಿನ ಹಳ್ಳಿ ಅಂಗಡಿಯಲ್ಲಿ ಅದು ಸಿಗುವುದಿಲ್ಲ.

ಸಾಮಾನು ಬೆನ್ನಿಗೆ ಹಾಕಿಕೊಳ್ಳಬೇಡಿ. ಹಿಂದೆ ಗಟ್ಟಿ ಕ್ಯಾರಿಯರ್ ಹಾಕಿಸಿ, ಪ್ಯಾನಿಯರ್ ನೇತುಹಾಕಿ. ಪ್ಯಾನಿಯರ್ ಅಂದರೆ ಕ್ಯಾರಿಯರ್‌ನ ಎರಡೂ ಬದಿಗೆ ಕೊಂಡಿಯಿಂದ ಸಿಕ್ಕಿಸುವ ಜೋಡಿ ಚೀಲ. ಒಟ್ಟು ತೂಕ ಎಂಟು-ಹತ್ತು ಕಿಲೋ ದಾಟಬಾರದು, ಎರಡೂ ಕಡೆ ಸಮ ಇರಬೇಕು.

ಜೊತೆಗೆ ಇಷ್ಟು ಇರಲಿ: ಎರಡು ಟ್ಯೂಬ್, ಪಂಕ್ಚರ್ ಕಿಟ್, ಟೈರ್ ಬಿಚ್ಚುವ ಪಟ್ಟಿ, ಕೈ ಪಂಪ್, ಆಲನ್ ಕೀ ಸೆಟ್, ಚೈನ್ ಎಣ್ಣೆ, ಮುಂದೆ ಬಿಳಿ ಹಿಂದೆ ಕೆಂಪು ಲೈಟ್. ಹೆಲ್ಮೆಟ್ ಹೇಳಬೇಕಾಗಿಲ್ಲ. ಟ್ಯೂಬಿನ ವಾಲ್ವ್ ಯಾವ ಥರದ್ದು ನೋಡಿಕೊಳ್ಳಿ. ಬೈಕಿನ ಟ್ಯೂಬ್‌ನಂಥ ದಪ್ಪ ವಾಲ್ವ್ ಆದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಿಡಿಯುತ್ತಾರೆ. ಸಣ್ಣ, ತುದಿಗೆ ತಿರುಪು ಇರುವ ವಾಲ್ವ್ ಆದರೆ ಅಡಾಪ್ಟರ್ ಬೇಕು. ಇಪ್ಪತ್ತು ಮೂವತ್ತು ರೂಪಾಯಿಯ ಆ ಹಿತ್ತಾಳೆ ತುಣುಕು ಮರೆತವರು ಭಾಳ ಒದ್ದಾಡುತ್ತಾರೆ.

ಹಂತ 3: ನಮ್ಮೂರಲ್ಲೇ ದಿಬ್ಬ ಹುಡುಕಿ

"ನಮ್ಮಲ್ಲಿ ಎಲ್ಲಿದೆ ರೀ ಗುಡ್ಡ?" ಅಂತ ಕೇಳುವವರಿಗೆ: ಇದೆ, ಹುಡುಕಬೇಕು ಅಷ್ಟೇ. ಕಲಬುರಗಿಯವರು ಚಿಂಚೋಳಿಯಿಂದ ಕುಂಚಾವರಂ ಕಡೆ ಕಾಡಿನ ರಸ್ತೆ ಹಿಡಿಯಲಿ. ಏರಿಳಿತವೂ ಇದೆ, ಗದ್ದಲವೂ ಕಡಿಮೆ. ಬೀದರ್ ಊರೇ ಎತ್ತರದ ದಿಬ್ಬದ ಮೇಲಿದೆ, ಮಾಂಜ್ರಾ ನದಿ ಕಡೆ ಇಳಿದು ಮತ್ತೆ ಊರಿಗೆ ಏರಿದರೆ ಒಳ್ಳೆಯ ಅಭ್ಯಾಸ. ಯಾದಗಿರಿಯವರಿಗೆ ಸುರಪುರದ ಗುಡ್ಡಗಳಿವೆ, ಗುರುಮಠಕಲ್ ಕಡೆಯ ದಿಬ್ಬಗಳಿವೆ. ಮಳಖೇಡ, ಸೇಡಂ ಕಡೆ ಬೇಡ, ಸಿಮೆಂಟ್ ಲಾರಿಗಳು ಜಾಸ್ತಿ.

ಇದೂ ದೂರ ಆಯಿತು ಅನ್ನುವವರು ಊರಿನ ರೈಲ್ವೆ ಮೇಲ್ಸೇತುವೆಯನ್ನೇ ಬೆಳಗಿನ ಜಾವ ಹತ್ತು ಸಲ ಹತ್ತಿ ಇಳಿಯಿರಿ. ನಮ್ಮ ಎದುರುಗಾಳಿಯೂ ಒಳ್ಳೆಯ ಗುರು. ಬಯಲಿನಲ್ಲಿ ಎದುರುಗಾಳಿಗೆ ಒಂದು ಗಂಟೆ ಒಂದೇ ಹದದಲ್ಲಿ ತುಳಿಯಲು ಬಂದವರಿಗೆ ಘಟ್ಟದ ಏರು ಹೊಸದೇನೂ ಅನ್ನಿಸುವುದಿಲ್ಲ.

ಹೊರಡುವ ಎರಡು ವಾರ ಮೊದಲು ಒಂದು ಪರೀಕ್ಷೆ ಮಾಡಿ. ಒಯ್ಯಬೇಕಾದ ಎಲ್ಲ ಸಾಮಾನು ಹೇರಿ, ಶನಿವಾರ 50, ಭಾನುವಾರ 50 ಕಿ.ಮೀ ತುಳಿಯಿರಿ. ಮೊದಲ ದಿನ ಎಲ್ಲರೂ ತುಳಿಯುತ್ತಾರೆ. ಎರಡನೇ ದಿನ ಬೆಳಿಗ್ಗೆ ಸೀಟಿನ ಮೇಲೆ ಕೂತಾಗಲೇ ಸೀಟಿನ ಎತ್ತರ ಸರಿಯಿದೆಯಾ, ಮೊಣಕಾಲು ಏನು ಹೇಳುತ್ತದೆ ಎಲ್ಲ ಗೊತ್ತಾಗುವುದು.

ಹಂತ 4: ಸೈಕಲ್ಲನ್ನು ಅಲ್ಲಿಗೆ ಒಯ್ಯುವುದು

ಕಲಬುರಗಿಯಿಂದಲೇ ತುಳಿದುಕೊಂಡು ಹೋಗಬೇಕೆಂಬ ಆಸೆ ಕೆಲವರಿಗೆ. ವಿಜಯಪುರ, ಹುಬ್ಬಳ್ಳಿ ಮೇಲೆ ಶಿರಸಿಗೆ 450 ಕಿ.ಮೀ ಆಸುಪಾಸು ಆಗುತ್ತದೆ, ಅದರಲ್ಲಿ ಬಹುಪಾಲು ಹೆದ್ದಾರಿ. ರಜೆಯೆಲ್ಲ ಅಲ್ಲೇ ಮುಗಿಯುತ್ತದೆ. ಮೊದಲ ಸಲ ಬೇಡ.

ಸಲೀಸಾದ ದಾರಿ ಎಂದರೆ ರಾತ್ರಿ ಬಸ್ಸಿಗೆ ಹುಬ್ಬಳ್ಳಿ, ಅಲ್ಲಿಂದ ಇನ್ನೊಂದು ಬಸ್ಸಿಗೆ ಶಿರಸಿ. ಹುಬ್ಬಳ್ಳಿಯಿಂದ ಶಿರಸಿ ನೂರು ಕಿ.ಮೀ ಸುಮಾರು. ಟಿಕೆಟ್ ತೆಗೆಯುವ ಮೊದಲೇ ಡಿಪೊದಲ್ಲೋ ಬುಕಿಂಗ್ ಆಫೀಸಿನಲ್ಲೋ ಸೈಕಲ್ ಇದೆ ಅಂತ ಹೇಳಿ, ಡಿಕ್ಕಿಯಲ್ಲಿ ಜಾಗ ಇದೆಯಾ, ಲಗೇಜ್ ಚಾರ್ಜ್ ಎಷ್ಟು ಕೇಳಿ. ಬಸ್ ಬಂದು ನಿಂತ ಮೇಲೆ ಕಂಡಕ್ಟರ್ ಜೊತೆ ವಾದ ಮಾಡಿದರೆ ಕೆಲಸ ಆಗುವುದಿಲ್ಲ.

ಬಿಚ್ಚುವುದು ಹೀಗೆ. ಮುಂದಿನ ಗಾಲಿ ತೆಗೆಯಿರಿ. ಡಿಸ್ಕ್ ಬ್ರೇಕ್ ಆದರೆ ಎರಡು ಪ್ಯಾಡ್ ನಡುವೆ ರಟ್ಟಿನ ತುಂಡು ಸಿಕ್ಕಿಸಿ, ಇಲ್ಲದಿದ್ದರೆ ದಾರಿಯಲ್ಲಿ ಯಾರಾದರೂ ಬ್ರೇಕ್ ಒತ್ತಿದರೆ ಪ್ಯಾಡ್ ಅಂಟಿಕೊಂಡುಬಿಡುತ್ತದೆ. ಹ್ಯಾಂಡಲ್ ಅಡ್ಡ ತಿರುಗಿಸಿ. ಪೆಡಲ್ ಬಿಚ್ಚುವಾಗ ಒಂದು ಎಚ್ಚರ: ಬಲಗಡೆಯದು ಮಾಮೂಲಿ ನಟ್ಟಿನ ಹಾಗೆ ಬಿಚ್ಚಿಕೊಳ್ಳುತ್ತದೆ, ಎಡಗಡೆಯದು ಉಲ್ಟಾ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಿದರೆ ಸಡಿಲವಾಗುತ್ತದೆ. ಗೊತ್ತಿಲ್ಲದೆ ಜೋರು ಮಾಡಿ ಥ್ರೆಡ್ ಹಾಳುಮಾಡಿಕೊಳ್ಳುವವರು ಇದ್ದಾರೆ. ಚೈನ್ ಇರುವ ಬದಿ ಮೇಲೆ ಬರುವಂತೆ ಮಲಗಿಸಿ, ಹಳೆಯ ಚಾದರ ಸುತ್ತಿ ಕಟ್ಟಿ.

ರೈಲಾದರೆ ಲಗೇಜ್ ಅಂತ ಬುಕ್ ಮಾಡಬೇಕು. ಬೋಗಿಯೊಳಗೆ ಒಯ್ಯುವ ಪೆಟ್ಟಿಗೆಗೆ 100, 60, 25 ಸೆಂ.ಮೀ ಅಳತೆಯ ಮಿತಿ ಇದೆ, ಸೈಕಲ್ ಅದರಲ್ಲಿ ಹಿಡಿಯುವುದಿಲ್ಲ. ಪಾರ್ಸೆಲ್ ಆಫೀಸಿನಲ್ಲಿ ಟಿಕೆಟ್ ತೋರಿಸಿ ಬುಕ್ ಮಾಡಿದರೆ ಬ್ರೇಕ್ ವ್ಯಾನಿನಲ್ಲಿ ಹಾಕುತ್ತಾರೆ. ಬ್ರೇಕ್ ವ್ಯಾನ್ ಅಂದರೆ ರೈಲಿನ ತುದಿಯಲ್ಲಿ ಗಾರ್ಡ್ ಇರುವ, ಸಾಮಾನು ಹಾಕುವ ಡಬ್ಬಿ. ಒಂದೆರಡು ಗಂಟೆ ಮೊದಲೇ ಹೋಗಿ. ಹೆಸರು, ಫೋನ್ ನಂಬರ್, ಇಳಿಯುವ ಸ್ಟೇಷನ್ ಬರೆದ ಚೀಟಿ ಎರಡು ಕಡೆ ಕಟ್ಟಿ. ನೀವು ಇಳಿಯುವ ಸ್ಟೇಷನ್‌ನಲ್ಲಿ ರೈಲು ಎಷ್ಟು ಹೊತ್ತು ನಿಲ್ಲುತ್ತದೆ ಕೇಳಿಕೊಳ್ಳಿ. ಎರಡೇ ನಿಮಿಷ ನಿಲ್ಲುವ ಕಡೆ ಸೈಕಲ್ ಇಳಿಸಿಕೊಳ್ಳುವುದು ಕಷ್ಟ. ಯಾದಗಿರಿಯವರಿಗೆ ಇನ್ನೊಂದು ದಾರಿಯಿದೆ. ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಬೆಂಗಳೂರು, ಅಲ್ಲಿಂದ ತಾಳಗುಪ್ಪದ ರೈಲು. ತಾಳಗುಪ್ಪ ಆ ಲೈನಿನ ಕೊನೆಯ ಸ್ಟೇಷನ್, ಹಾಗಾಗಿ ಇಳಿಸಿಕೊಳ್ಳಲು ಅವಸರ ಇಲ್ಲ. ಅಲ್ಲಿಂದ ಜೋಗ ಹದಿನೈದು ಕಿ.ಮೀ ಸುಮಾರು.

ಹಂತ 5: ದಾರಿ ಆರಿಸುವುದು

ಪ್ರವಾಸ ಶಾಂತವಾಗಿರುತ್ತದೋ, ಜೀವ ಕೈಯಲ್ಲಿ ಹಿಡಿದು ತುಳಿಯಬೇಕೋ ಅನ್ನುವುದು ಇಲ್ಲೇ ತೀರ್ಮಾನ ಆಗುವುದು.

ಘಟ್ಟದ ಮೇಲಿಂದ ಕಡಲಿಗೆ ಇಳಿಯಲು ಉತ್ತರ ಕನ್ನಡದಲ್ಲಿ ಹಲವು ರಸ್ತೆಗಳಿವೆ, ಒಂದೊಂದರ ಸ್ವಭಾವ ಬೇರೆ. ಯಲ್ಲಾಪುರದಿಂದ ಅಂಕೋಲಾಕ್ಕೆ ಇಳಿಯುವ ಅರೆಬೈಲು ಘಾಟ್ ಹುಬ್ಬಳ್ಳಿ ಕಡೆಯ ಲಾರಿಗಳೆಲ್ಲ ಹೋಗುವ ದಾರಿ. ಬೇಡವೇ ಬೇಡ. ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಾಟ್, 60 ಕಿ.ಮೀ ಸುಮಾರು, ನಡುವೆ ದಟ್ಟ ಕಾಡು. ಆದರೆ ಅದೂ ಈಗ ರಾಷ್ಟ್ರೀಯ ಹೆದ್ದಾರಿ, ಅಗಲೀಕರಣದ ಕೆಲಸ ವರ್ಷಗಟ್ಟಲೆ ನಡೆದಿದೆ, ಆಗಾಗ ರಸ್ತೆಯನ್ನೇ ಬಂದ್ ಮಾಡಿದ್ದೂ ಇದೆ. ಹೊನ್ನಾವರದಿಂದ ಜೋಗದ ಕಡೆ ಏರುವ ಗೇರುಸೊಪ್ಪೆ ಘಾಟ್‌ನಲ್ಲಿ ಶರಾವತಿ ಕಣಿವೆಯ ನೋಟ ಇದೆ, ಪ್ರವಾಸಿ ವಾಹನವೂ ಅಷ್ಟೇ ಇದೆ. ಕದ್ರಾ, ಕಾರವಾರದ ಕಡೆ ಇಳಿಯುವ ಅಣಶಿ ಘಾಟ್ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿದೆ. ಊರುಗಳು ದೂರ ದೂರ. ಮೊದಲ ಸಲದವರು ಅದನ್ನು ಮುಂದಕ್ಕೆ ಇಟ್ಟುಕೊಳ್ಳಿ.

ಉಳಿದದ್ದು ಎರಡು, ಇವೇ ನಮಗೆ ಬೇಕಾದವು. ಒಂದು ಸಿದ್ದಾಪುರದಿಂದ ಕುಮಟಾ ಕಡೆ ಇಳಿಯುವ ದೊಡ್ಮನೆ ಘಾಟ್. ಇನ್ನೊಂದು ಶಿರಸಿಯಿಂದ ಯಾಣದ ಕಡೆ ಹೋಗಿ ಇಳಿಯುವ ವಡ್ಡಿ ಘಾಟ್. ರಸ್ತೆ ಕಿರಿದು, ತಿರುವು ಬಿಗಿ, ದೊಡ್ಡ ಲಾರಿಗಳಿಗೆ ಅನುಕೂಲ ಇಲ್ಲ. ಅದಕ್ಕೇ ಅವು ಇನ್ನೂ ಸದ್ದಿಲ್ಲದೆ ಉಳಿದಿವೆ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಹೀಗೆ. ಶಿರಸಿಯಲ್ಲಿ ಇಳಿದ ದಿನ ಸೈಕಲ್ ಜೋಡಿಸಿ, ಸಾಮಾನು ಲಾಡ್ಜಿನಲ್ಲಿಟ್ಟು, ಶಾಲ್ಮಲಾ ನದಿಯ ಸಹಸ್ರಲಿಂಗಕ್ಕೆ ಹೋಗಿಬನ್ನಿ. ನದಿಯ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳು ನೀರು ಇಳಿದಾಗಲೇ ಚೆನ್ನಾಗಿ ಕಾಣುವುದು, ನಾವು ಹೋಗುವ ಕಾಲವೂ ಅದೇ. ಸೈಕಲ್ ಜೋಡಿಸಿದ್ದರಲ್ಲಿ ಏನಾದರೂ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ, ವಾಪಸ್ ಊರಿಗೆ ಬಂದು ಸರಿಮಾಡಿಸಬಹುದು. ಎರಡನೇ ದಿನ ಬನವಾಸಿ. ಹೋಗಿಬರಲು 50 ಕಿ.ಮೀ ಒಳಗೆ, ರಸ್ತೆಯೂ ಸೌಮ್ಯ. ಕದಂಬರ ರಾಜಧಾನಿ, ಮಧುಕೇಶ್ವರ ದೇವಸ್ಥಾನ, ಪಕ್ಕದಲ್ಲೇ ವರದಾ ನದಿ. ನಿಧಾನಕ್ಕೆ ನೋಡಿ. ಮೂರನೇ ದಿನ ಯಾಣ. ಶಿರಸಿಯಿಂದ ಸುಮಾರು 40 ಕಿ.ಮೀ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಎತ್ತರದ ಕಪ್ಪು ಬಂಡೆಗಳು. ಸುತ್ತಮುತ್ತಲಿನ ಹೋಂಸ್ಟೇಯಲ್ಲಿ ಮೊದಲೇ ಹೇಳಿಟ್ಟು ಅಲ್ಲೇ ರಾತ್ರಿ ಉಳಿಯಿರಿ. ನಾಲ್ಕನೇ ದಿನ ಕೆಳಗಿಳಿದು ಕುಮಟಾ ಕಡೆಗೋ ಅಂಕೋಲಾ ಕಡೆಗೋ ತಿರುಗಿ. ಐದನೇ ದಿನ ಕಡಲ ಬದಿ.

ಇದರಲ್ಲಿ ಘಟ್ಟ ಏರುವುದೇ ಇಲ್ಲವಲ್ಲ ಅಂದರೆ, ಹೌದು, ಬೇಕಂತಲೇ ಬಿಟ್ಟಿದ್ದು. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಆ ಎತ್ತರವನ್ನು ಹೋಗುವಾಗ ಬಸ್ಸು ಏರಲಿ. ಆದರೆ ಮೇಲೂ ನೆಲ ಸಪಾಟಾಗಿ ಇರುವುದಿಲ್ಲ. ಪ್ರತಿ ಹಳ್ಳ ಬಂದಾಗ ಇಳಿಯಬೇಕು, ದಾಟಿದ ಮೇಲೆ ಏರಬೇಕು, ಹತ್ತು ಕಿ.ಮೀ ಒಳಗೆ ಇಂಥ ಎಷ್ಟೋ ಬರುತ್ತವೆ, ಮ್ಯಾಪಿನಲ್ಲಿ ಗೆರೆ ನೋಡಿದರೆ ಒಂದೂ ಕಾಣುವುದಿಲ್ಲ. ಅದಕ್ಕೇ ಫೋನಿನ ಮ್ಯಾಪಿನಲ್ಲಿ ಏರಿಳಿತದ ಚಿತ್ರ ತೆಗೆದು ನೋಡಿ. ಅಲ್ಲಿ ಶೇಕಡಾ 6 ಅಂತ ಇದ್ದರೆ 100 ಮೀಟರ್ ಮುಂದೆ ಹೋದಾಗ 6 ಮೀಟರ್ ಮೇಲೆ ಹತ್ತಿರುತ್ತೀರಿ ಅಂತ ಅರ್ಥ. ಶೇಕಡಾ 4ರವರೆಗೆ ಮಾತಾಡುತ್ತ ತುಳಿಯಬಹುದು, 8 ದಾಟಿದರೆ ಮಾತು ನಿಲ್ಲುತ್ತದೆ, 10ರ ಮೇಲೆ ಸಾಮಾನು ಹೊತ್ತ ಸೈಕಲ್ ಇಳಿದು ತಳ್ಳುವುದೇ ಜಾಣತನ.

ಮ್ಯಾಪನ್ನೇ ನಂಬಿ ಕೆಡುವವರೂ ಇದ್ದಾರೆ. ಹತ್ತಿರದ ದಾರಿ ಅಂತ ಅದು ಅಡಿಕೆ ತೋಟದ ನಡುವಿನ ಕಾಲುದಾರಿಗೆ ಕರೆದೊಯ್ಯುತ್ತದೆ. ಹಿಂದಿನ ಊರಿನಲ್ಲೇ ನಿಂತು ಕೇಳಿ. "ದಾರಿ ಇದೆಯಾ" ಅಂತ ಕೇಳಿದರೆ ಇದೆ ಅಂತಲೇ ಹೇಳುತ್ತಾರೆ, ಅವರು ನಡೆದು ಹೋಗುವ ದಾರಿ ಇದ್ದೇ ಇರುತ್ತದೆ. "ಈ ದಾರಿಯಲ್ಲಿ ಬಸ್ ಹೋಗುತ್ತಾ, ಡಾಂಬರು ಪೂರ್ತಿ ಇದೆಯಾ" ಅಂತ ಕೇಳಿ. ಘಟ್ಟದಲ್ಲಿ ಸಿಗ್ನಲ್ ಸಿಗುವುದಿಲ್ಲ. ಮ್ಯಾಪನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವ ಹಾಗೆ ಹಿಂದಿನ ರಾತ್ರಿಯೇ ಇಳಿಸಿಕೊಂಡಿರಿ.

ಹಂತ 6: ಘಟ್ಟ ಇಳಿಯುವುದು

ಹತ್ತುವುದಕ್ಕಿಂತ ಇಳಿಯುವಾಗಲೇ ಅಪಾಯ. ನಮಗೆ ಇದರ ಅಭ್ಯಾಸವೇ ಇಲ್ಲ, ಇಲ್ಲಿ ಸೈಕಲ್ ತಾನಾಗಿ ಹತ್ತು ನಿಮಿಷ ಓಡುವ ಒಂದು ರಸ್ತೆಯೂ ಇಲ್ಲ. ಅದಕ್ಕೆ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೆಳಿಗ್ಗೆ ಏಳೂವರೆ, ಎಂಟರ ಹೊತ್ತಿಗೆ ಇಳಿಯಲು ಶುರು ಮಾಡಿ. ಇನ್ನೂ ಬೇಗ ಹೊರಟರೆ ಮಂಜು ಇರುತ್ತದೆ, ತಿರುವಿನಲ್ಲಿ ಕಾಡುಕೋಣ ನಿಂತಿರಬಹುದು. ತಡವಾದರೆ ವಾಹನ ಜಾಸ್ತಿ. ಇಳಿಯುವ ಮೊದಲು ನಿಂತು ಎರಡೂ ಬ್ರೇಕ್ ಒತ್ತಿ ನೋಡಿ, ಪ್ಯಾನಿಯರ್ ಕೊಂಡಿಗಳು ಗಟ್ಟಿಯಾಗಿವೆಯಾ ಅಲುಗಾಡಿಸಿ ನೋಡಿ.

ಬ್ರೇಕನ್ನು ಒಂದೇ ಸಮ ಹಿಡಿದುಕೊಂಡೇ ಇಳಿಯಬೇಡಿ. ರಿಮ್ ಕಾದು ಒಳಗಿನ ಟ್ಯೂಬ್ ಒಡೆಯಬಹುದು, ಡಿಸ್ಕ್ ಆದರೆ ಹಿಡಿತವೇ ಕಡಿಮೆಯಾಗುತ್ತದೆ. ಒತ್ತಿ, ಬಿಡಿ. ಮತ್ತೆ ಒತ್ತಿ, ಬಿಡಿ. ತಿರುವಿಗೆ ಮುಂಚೆ ನೇರ ರಸ್ತೆಯಲ್ಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಟ್ಟು ಉರುಳಿ. ತಿರುವಿನ ಮಧ್ಯ ಮುಂದಿನ ಬ್ರೇಕ್ ಜೋರಾಗಿ ಒತ್ತಿದರೆ ಜಲ್ಲಿಯ ಮೇಲೆ ಗಾಲಿ ಜಾರುತ್ತದೆ. ತಿರುವಿನ ಹೊರಬದಿಯ ಪೆಡಲ್ ಕೆಳಗಿರಲಿ, ಅದರ ಮೇಲೆ ಭಾರ ಹಾಕಿ. ನೋಟ ತಿರುವಿನ ಆಚೆಗಿರಲಿ, ಗಾಲಿಯ ಮುಂದೆ ಅಲ್ಲ. ನಿಮ್ಮ ಎಡಬದಿ ಬಿಟ್ಟು ನಡುಗೆರೆ ದಾಟಲೇಬೇಡಿ, ಎದುರು ಬರುವ ಬಸ್ಸಿಗೆ ಬಿಗಿ ತಿರುವಿನಲ್ಲಿ ಇಡೀ ರಸ್ತೆ ಬೇಕಾಗುತ್ತದೆ. ಹಾರ್ನ್ ಕೇಳಿದ ಕೂಡಲೇ ಪಕ್ಕಕ್ಕೆ ಸರಿದು ನಿಲ್ಲಿ.

ಎರಡು ಮೂರು ಕಿ.ಮೀಗೆ ಒಮ್ಮೆ ನಿಲ್ಲಿ. ರಿಮ್ ಅಥವಾ ಡಿಸ್ಕನ್ನು ಬೆರಳಿನಿಂದ ಮುಟ್ಟಬೇಡಿ, ಸುಡುತ್ತದೆ. ಅದರ ಮೇಲೆ ನೀರನ್ನೂ ಹಾಕಬೇಡಿ. ಹತ್ತು ನಿಮಿಷ ಬಿಟ್ಟರೆ ತಾನೇ ಆರುತ್ತದೆ. ಕೈಬೆರಳು ನೋಯುತ್ತಿದ್ದರೆ ಅದೂ ನಿಲ್ಲಬೇಕೆಂಬ ಸೂಚನೆಯೇ.

ಏರಬೇಕಾದ ಕಡೆ ಒಂದೇ ಸೂತ್ರ. ಏರು ಶುರುವಾಗುವ ಮೊದಲೇ ಹಗುರ ಗೇರಿಗೆ ಬನ್ನಿ. ಅರ್ಧ ಏರಿನಲ್ಲಿ ಒತ್ತಿ ತುಳಿಯುತ್ತ ಗೇರ್ ಬದಲಾಯಿಸಿದರೆ ಚೈನ್ ಕಳಚುತ್ತದೆ, ಕೆಲವೊಮ್ಮೆ ಕಡಿದೇಹೋಗುತ್ತದೆ.

ಹಂತ 7: ಕಡಲ ಬದಿಯಲ್ಲಿ

ಕರಾವಳಿಗೆ ಇಳಿದ ಮೇಲೆ ಎಲ್ಲರೂ ಮಾಡುವುದು ಹೆದ್ದಾರಿ 66 ಹಿಡಿಯುವುದು. ಅದು ನಾಲ್ಕು ಪಥದ ರಸ್ತೆ, ಲಾರಿ, ಟ್ಯಾಂಕರ್, ರಾತ್ರಿ ಬಸ್ಸುಗಳ ಸಾಲು. ಅಲ್ಲಿ ತುಳಿದರೆ ಸಮುದ್ರ ಬಲಕ್ಕಿದೆಯೋ ಎಡಕ್ಕಿದೆಯೋ ಅನ್ನುವುದೂ ಮರೆತುಹೋಗುತ್ತದೆ. ಹೆದ್ದಾರಿ ಮತ್ತು ಸಮುದ್ರದ ನಡುವೆ ಹಳ್ಳಿಗಳನ್ನು ಪೋಣಿಸುವ ಸಣ್ಣ ರಸ್ತೆಗಳಿವೆ. ಕುಮಟಾದಿಂದ ಬಾಡ, ಕಾಗಾಲ ಮೇಲೆ ಅಘನಾಶಿನಿ ಊರಿಗೆ ಹೋಗುವ ದಾರಿ ಅಂಥದ್ದು. ತೆಂಗಿನ ತೋಟ, ಗದ್ದೆ, ಶಾಲೆಗೆ ಹೋಗುವ ಮಕ್ಕಳ ಸೈಕಲ್, ಅಷ್ಟೇ.

ಅಘನಾಶಿನಿ ಊರಿನಲ್ಲಿ ರಸ್ತೆ ಮುಗಿದು ನದಿ ಸಿಗುತ್ತದೆ. ಆಚೆ ದಡ ತದಡಿ. ನಡುವೆ ದೋಣಿ ಇದೆ, ಸೈಕಲ್ಲನ್ನೂ ಹತ್ತಿಸಿಕೊಳ್ಳುತ್ತಾರೆ. ಹತ್ತಿಸುವ ಮೊದಲು ಚೀಲಗಳನ್ನು ಕಳಚಿ ಕೈಗೆ ಕೊಡಿ. ಆಮೇಲೆ ಸೈಕಲ್ಲಿನ ಮೇಲಿನ ಕಂಬಿ ಹಿಡಿದು ಎತ್ತಿ, ಸೀಟು ಹಿಡಿದು ಎತ್ತಬೇಡಿ, ಸೀಟು ತಿರುಗಿದರೆ ಸೈಕಲ್ ನೀರಿಗೆ. ದೋಣಿಯೊಳಗೆ ಗಾಲಿ ಅಡ್ಡ ಇಟ್ಟು, ಬ್ರೇಕ್ ಲಿವರಿಗೆ ರಬ್ಬರ್ ಬ್ಯಾಂಡ್ ಸುತ್ತಿದರೆ ಸೈಕಲ್ ಅಲುಗಾಡದೆ ನಿಲ್ಲುತ್ತದೆ. ಭರತ-ಇಳಿತದ ಮೇಲೆ ದಡದ ಎತ್ತರ ಬದಲಾಗುತ್ತದೆ, ನೀರು ಇಳಿದಾಗ ಕೆಸರಿನ ಮೆಟ್ಟಿಲು ಜಾರುತ್ತದೆ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಕುಮಟಾ ಬಿಡುವಾಗಲೇ ವಿಚಾರಿಸಿ, ಚಿಲ್ಲರೆ ಜೊತೆಗಿರಲಿ. ತಪ್ಪಿದರೆ ಮಿರ್ಜಾನ್ ಮೇಲೆ ಹೆದ್ದಾರಿಯಲ್ಲಿ ಸುತ್ತಿ ಬರಬೇಕು.

ತದಡಿಯಿಂದ ಗೋಕರ್ಣ ಹತ್ತು ಕಿ.ಮೀ ಆಸುಪಾಸು. ಹತ್ತಿರದ ಸಾಣಿಕಟ್ಟಾದಲ್ಲಿ ಉಪ್ಪಿನ ಗದ್ದೆಗಳಿವೆ, ಸಮುದ್ರದ ನೀರನ್ನು ಕಟ್ಟಿ ಆರಿಸಿ ಉಪ್ಪು ಮಾಡುತ್ತಾರೆ. ಬೇಸಿಗೆ ಹತ್ತಿರವಾದಂತೆ ರಾಶಿಗಳು ಕಾಣಸಿಗುತ್ತವೆ.

ದೊಡ್ಡ ಸೇತುವೆಗಳಲ್ಲಿ ಹೆದ್ದಾರಿ ತಪ್ಪುವುದಿಲ್ಲ. ಅಂಥ ಕಡೆ ಬೆಳಿಗ್ಗೆ ಎಂಟರೊಳಗೆ ದಾಟಿ, ಹಗಲಾದರೂ ಹಿಂದಿನ ಕೆಂಪು ಲೈಟ್ ಉರಿಯಲಿ. ಇಬ್ಬರಿದ್ದರೆ ಒಬ್ಬರ ಹಿಂದೆ ಒಬ್ಬರು. ಮರಳಿನ ಮೇಲೆ ಸೈಕಲ್ ತುಳಿಯುವ ಆಸೆ ಬೇಡ, ಉಪ್ಪುನೀರು ಬೇರಿಂಗಿನೊಳಗೆ ಹೋದರೆ ಸೈಕಲ್ ಹಾಳು.

ಹನ್ನೊಂದರಿಂದ ಮೂರೂವರೆವರೆಗೆ ನೆರಳು ಹಿಡಿದು ಕೂರಿ. ಮೂರು ಲೀಟರ್ ನೀರು ಯಾವಾಗಲೂ ಜೊತೆಗಿರಲಿ. ಬರೀ ನೀರು ಕುಡಿದರೆ ಸಾಲದು, ಬೆವರಿನಲ್ಲಿ ಉಪ್ಪು ಹೋಗಿರುತ್ತದೆ. ಓಆರ್‌ಎಸ್ ಪುಡಿ ಬೆರೆಸಿಕೊಳ್ಳಿ. ಎಳನೀರು, ಮಜ್ಜಿಗೆ ಸಿಕ್ಕಲ್ಲೆಲ್ಲ ಕುಡಿಯಿರಿ.

ಹಂತ 8: ಊಟ, ವಸತಿ

ನಮ್ಮ ಕಡಕ್ ರೊಟ್ಟಿ, ಶೇಂಗಾ ಹಿಂಡಿಯಷ್ಟು ಒಳ್ಳೆಯ ದಾರಿಬುತ್ತಿ ಇನ್ನೊಂದಿಲ್ಲ. ಹಗುರ, ವಾರ ಇಟ್ಟರೂ ಕೆಡುವುದಿಲ್ಲ. ಆದರೆ ಅಲ್ಲಿಯ ಗಾಳಿಗೆ ರೊಟ್ಟಿ ಒಂದೇ ದಿನಕ್ಕೆ ಮೆತ್ತಗಾಗುತ್ತದೆ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಬೆಳಿಗ್ಗೆ ಹೋಟೆಲಿನಲ್ಲಿ ಅವಲಕ್ಕಿ, ಬನ್ಸ್ ಸಿಗುತ್ತದೆ. ಮಧ್ಯಾಹ್ನ ಅನ್ನ, ತಂಬುಳಿ. ಮೀನು ತಿನ್ನುವವರಿಗೆ ಕುಮಟಾ, ಗೋಕರ್ಣದಲ್ಲಿ ಕೊರತೆ ಇಲ್ಲ. ಘಟ್ಟದ ಹಳ್ಳಿಗಳಲ್ಲಿ ಹೋಟೆಲ್ ಕಡಿಮೆ, ಇದ್ದವೂ ಮಧ್ಯಾಹ್ನ ಎರಡರ ಮೇಲೆ ಮುಚ್ಚಿರಬಹುದು.

ರೂಮ್ ಮೊದಲೇ ಹೇಳಿಟ್ಟಿರಿ. "ಸೈಕಲ್ ಒಳಗಿಡಲು ಜಾಗ ಇದೆಯಾ" ಅಂತ ಅದೇ ಫೋನಿನಲ್ಲಿ ಕೇಳಿ. ಕಾಡಿನಲ್ಲಿ ಟೆಂಟ್ ಹಾಕುವುದು ಬೇಡ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಾಕಿದರೆ ಅದು ತಪ್ಪು ಕೂಡ.

ಹಂತ 9: ಕಾಡಿನಲ್ಲಿ ಎಚ್ಚರ

ನಮ್ಮ ಕಡೆಯವರಿಗೆ ಅಷ್ಟಾಗಿ ಗೊತ್ತಿಲ್ಲದ್ದು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾಯಿತು. ಕಾಡಿನ ಉಣುಗು ಕಚ್ಚಿದರೆ ಬರುತ್ತದೆ. ಉಣುಗು ಅಂದರೆ ದನದ ಮೈಗೆ ಅಂಟುವ ಉಣ್ಣೆಯ ಜಾತಿಯ ಹುಳ, ಮರಿ ಉಣುಗು ಕಣ್ಣಿಗೆ ಕಾಣದಷ್ಟು ಸಣ್ಣದಿರುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ, ಅಂದರೆ ನಾವು ಹೋಗುವ ಕಾಲವೇ. ಸಿದ್ದಾಪುರ, ಸಾಗರ ತಾಲ್ಲೂಕುಗಳಲ್ಲಿ ಪ್ರಕರಣಗಳು ಆಗಿವೆ. ಹಾಗಂತ ಹೆದರಿ ಬಿಡಬೇಕಿಲ್ಲ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ರಸ್ತೆ ಬಿಟ್ಟು ಪೊದೆಯೊಳಗೆ ಹೋಗಬೇಡಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರವೂ ಸುಳಿಯಬೇಡಿ, ಅಲ್ಲಿನ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಸಂಜೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ಅಲ್ಲಿನ ಆರೋಗ್ಯ ಕೇಂದ್ರಗಳಲ್ಲಿ ಮೈಗೆ ಹಚ್ಚುವ ಎಣ್ಣೆ ಕೊಡುತ್ತಾರೆ, ಕೇಳಿ ನೋಡಿ. ಉಣುಗು ಕಚ್ಚಿ ಮೂರರಿಂದ ಎಂಟು ದಿನದೊಳಗೆ ಜ್ವರ ಕಾಣಿಸಿಕೊಳ್ಳುತ್ತದೆ, ಅಷ್ಟರಲ್ಲಿ ನೀವು ಊರು ಮುಟ್ಟಿರುತ್ತೀರಿ. ಹಾಗಾಗಿ ವಾಪಸ್ ಬಂದ ಮೇಲೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ "ಮಲೆನಾಡಿನ ಕಾಡಿಗೆ ಹೋಗಿದ್ದೆ" ಅಂತ ತಪ್ಪದೆ ಹೇಳಿ. ನಮ್ಮೂರಿನಲ್ಲಿ ಅದು ತಕ್ಷಣ ಯಾರಿಗೂ ಹೊಳೆಯುವುದಿಲ್ಲ.

ಇನ್ನುಳಿದದ್ದು ಚುಟುಕಾಗಿ. ಸಂಜೆ ಐದರೊಳಗೆ ವಸತಿ ಸೇರಿ, ಕಾಡಿನಲ್ಲಿ ಕತ್ತಲು ಬೇಗ ಆಗುತ್ತದೆ. ಒಬ್ಬರೇ ಹೋಗಬೇಡಿ, ಮೂರ್ನಾಲ್ಕು ಜನ ಸರಿ. ಹತ್ತು ಜನರಾದರೆ ನೀವೇ ಗದ್ದಲ. ದಿನದ ದಾರಿಯನ್ನು ಮನೆಯವರಿಗೂ ಲಾಡ್ಜಿನವರಿಗೂ ಹೇಳಿ ಹೊರಡಿ. ತುರ್ತಿಗೆ 112, ಆಂಬ್ಯುಲೆನ್ಸಿಗೆ 108.

ಹಂತ 10: ವಾಪಸ್, ಆಮೇಲೆ ಸೈಕಲ್ಲಿನ ಆರೈಕೆ

ಕುಮಟಾ, ಅಂಕೋಲಾದಿಂದ ಹುಬ್ಬಳ್ಳಿಗೆ ಬಸ್ಸಿದೆ. ಘಟ್ಟವನ್ನು ಬಸ್ಸಿನಲ್ಲೇ ಏರಿ. ವಾಪಸ್ ಟಿಕೆಟನ್ನು ಕೊನೆಯ ದಿನದ ರಾತ್ರಿಗೆ ತೆಗೆಯಬೇಡಿ, ಮರುದಿನಕ್ಕೆ ತೆಗೆಯಿರಿ. ಒಂದು ದಿನ ಕೈಯಲ್ಲಿದ್ದರೆ ಪಂಕ್ಚರ್ ಆದರೂ ದೋಣಿ ತಪ್ಪಿದರೂ ಓಡಬೇಕಾಗುವುದಿಲ್ಲ.

ಮನೆಗೆ ಬಂದ ದಿನವೇ ಸೈಕಲ್ ತೊಳೆಯಿರಿ. ಕಡಲ ಗಾಳಿಯ ಉಪ್ಪು ಕಣ್ಣಿಗೆ ಕಾಣುವುದಿಲ್ಲ, ವಾರದೊಳಗೆ ಚೈನ್, ಕಡ್ಡಿ, ಬೋಲ್ಟುಗಳ ಮೇಲೆ ಕೆಂಪು ತುಕ್ಕು ಕೂರುತ್ತದೆ. ನಮ್ಮ ಬೋರಿನ ನೀರೂ ಗಡಸು, ಅದರಲ್ಲಿ ತೊಳೆದು ಹಾಗೇ ಬಿಟ್ಟರೆ ಬಿಳಿ ಕಲೆ ಕಟ್ಟುತ್ತದೆ, ನಲ್ಲಿಯ ಸಿಹಿನೀರು ಒಳ್ಳೆಯದು. ಪೈಪಿನಿಂದ ಜೋರಾಗಿ ಬಿಡಬೇಡಿ, ಬೇರಿಂಗಿನೊಳಗೆ ನೀರು ಹೋಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಒರೆಸಿ, ಚೈನ್‌ಗೆ ಎಣ್ಣೆ ಬಿಟ್ಟು ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಬ್ರೇಕ್ ಶೂ ಮತ್ತೆ ನೋಡಿ, ಒಂದೇ ಘಟ್ಟಕ್ಕೆ ಎಷ್ಟು ಸವೆದಿದೆ ಅಂತ ಗೊತ್ತಾಗುತ್ತದೆ. ಕೊನೆಗೆ ಸೀಟಿನ ಕಂಬಿ ಹೊರಗೆ ತೆಗೆದು, ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಒಂದು ರಾತ್ರಿ ಬಿಡಿ. ಒಳಗೆ ಇಳಿದಿದ್ದ ನೀರೆಲ್ಲ ಹೊರಗೆ ಬರುತ್ತದೆ. ಬೆಳಿಗ್ಗೆ ಕಂಬಿಗೆ ತೆಳುವಾಗಿ ಗ್ರೀಸ್ ಸವರಿ ಮೊದಲಿನ ಎತ್ತರಕ್ಕೇ ಬಿಗಿ ಮಾಡಿ.